ಸನ್ನೆಗೋಲಿನ ಬಂದೂಕು ಮತ್ತು ಅದರ ತೋಟಾ: ಎಡೆದೊರೆ ನಾಡಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ವಿಷಯ ಪ್ರವೇಶ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಮುಂದೆ ಪಾರಸಿಯ ಬಳಕೆಯಿಂದ ಅದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ರೂಢವಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮುದಗಲ್ಲು ಮೊದಲಾದವು ಈ ನಾಡಿನ ಪ್ರಸಿದ್ಧ ಸ್ಥಳಗಳು. ಇಲ್ಲಿಯ ಇತಿಹಾಸವನ್ನು ಕುರಿತು ಬರೆದವರು ಬಹುಮಟ್ಟಿಗೆ ಕೋಟೆಗಳನ್ನೂ ಶಾಸನಗಳನ್ನೂ ಯುದ್ಧಗಳನ್ನೂ ಒಡಂಬಡಿಕೆಗಳನ್ನೂ ಕುರಿತು ಬರೆದಿದ್ದಾರೆ. ಜನಸಾಮಾನ್ಯರ ಕೈಯಲ್ಲಿದ್ದ ಆಯುಧವಾವುದು, ಅದು ಅವರ ಕೈಗೆ ಬಂದದ್ದು ಹೇಗೆ, ಕೈಬಿಟ್ಟು ಹೋದದ್ದು ಹೇಗೆ ಎಂಬ ಪ್ರಶ್ನೆಗಳು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಆಯುಧದೊಳಗೆ ತುಂಬುವ ಪದಾರ್ಥವಂತೂ ಇತಿಹಾಸಕಾರನ ಗಮನಕ್ಕೆ ಬರುವುದು ಇನ್ನೂ ವಿರಳ.

ಪ್ರಸ್ತುತ ಲೇಖನದ ವಿಷಯವು ಅಂತಹ ಒಂದು ಪದಾರ್ಥ. ಬಂದೂಕಿನ ಗುಂಡು, ಮದ್ದು, ಕೇಪು ಇವು ಮೂರನ್ನೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿ ಅಡಕಮಾಡಿದ ವಸ್ತುವನ್ನು ಮಲೆನಾಡಿನಲ್ಲಿ ತೋಟಾ ಎಂದೂ ಉತ್ತರದ ಕಡೆ ಕಾಡತೂಸು ಎಂದೂ ಕರೆಯುತ್ತಾರೆ. ಇಂತಹ ತೋಟಾಗಳಲ್ಲಿ ೧೯೦೪ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಕರ್ನಾಟಕದ ಕಾಡುಗಳಲ್ಲಿ ಹೆಸರು ಪಡೆದು, ಅರ್ಧ ಶತಮಾನದ ತರುವಾಯ ಬಳಕೆಯಿಂದ ಹಿಂದೆ ಸರಿದ ‘೪೦೫ ವಿಂಚೆಸ್ಟರ್’ ಎಂಬುದೊಂದು. ಲಿವರ್ ಎಂದು ಹೆಸರಾದ ಸನ್ನೆಗೋಲಿನಿಂದ ನಡೆಯುವ ಬಂದೂಕಿಗಾಗಿಯೇ ಅದು ನಿರ್ಮಿತವಾಗಿತ್ತು. ಒಂದು ಬೇಟೆಯ ತೋಟಾದ ಹುಟ್ಟು ಸಾವುಗಳು ಇತಿಹಾಸದ ಬುಲೆಟಿನ್ನಿಗೆ ತಕ್ಕ ವಿಷಯವೇ ಎಂಬ ಸಂದೇಹ ಸಹಜವಾದುದು. ಆದರೆ ಅದರ ಹಿಂದುಮುಂದುಗಳನ್ನು ನೋಡಿದಲ್ಲಿ ಒಂದು ಸಂಗತಿ ವಿದಿತವಾಗುತ್ತದೆ. ಮದ್ದನ್ನೂ ಗುಂಡನ್ನೂ ತಾನೇ ಸಿದ್ಧಪಡಿಸಿಕೊಳ್ಳುತ್ತಿದ್ದ ಬೇಟೆಗಾರನು ತೋಟಾ ಬಂದ ದಿನದಿಂದ ದೂರದ ಕಾರ್ಖಾನೆಗೂ ಸಮೀಪದ ಸರಕಾರಕ್ಕೂ ಅಧೀನನಾದನು. ಈ ಪರಿವರ್ತನೆಯ ಪೂರ್ವಾಪರಗಳನ್ನು ಎಡೆದೊರೆ ನಾಡಿನಲ್ಲಿಯೂ ಅದರ ನೆರೆಯಲ್ಲಿಯೂ ಸ್ಪಷ್ಟವಾಗಿ ಕಾಣಬಹುದು. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨. ತೋಟಾಕ್ಕೆ ಹಿಂದಿನ ಕಾಲ

ಕೈಬಂದೂಕಿನ ಶಕ್ತಿಯು ದಕ್ಷಿಣ ಭಾರತದ ಇತಿಹಾಸದಲ್ಲಿ ಎದ್ದು ಕಾಣುವ ಮೊದಲ ಪ್ರಸಂಗಗಳಲ್ಲಿ ಒಂದು ಈ ನಾಡಿನಲ್ಲೇ ನಡೆಯಿತು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕುಗಾರರೂ ರಾಯನ ಪಕ್ಷದಲ್ಲಿದ್ದರು. ರಾಯನ ಸೈನಿಕರು ಕೋಟೆಯ ಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದಾಗ ಮೇಲಿನಿಂದ ಅವರನ್ನು ತಡೆಯಲು ಬಾಗಿದವರನ್ನು ಈ ಬಂದೂಕುಗಾರರು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರು. ಕೋಟೆಯ ಅಧಿಪತಿಯೂ ಹಣೆಗೆ ಗುಂಡು ತಗಲಿ ಮಡಿದನೆಂದು ನ್ಯೂನಿಜನ ವೃತ್ತಾಂತದಿಂದ ತಿಳಿದುಬರುತ್ತದೆ. ಅಲ್ಲಿಂದ ಎರಡು ಶತಮಾನ ತುಂಬುವುದರೊಳಗೆ ಬಂದೂಕು ಪರಕೀಯರ ಕೈಯಿಂದ ನಾಡಿನವರ ಕೈಗೆ ಬಂದು ನೆಲೆಯೂರಿತು. ೧೭೦೫ರಲ್ಲಿ ಔರಂಗಜೇಬನು ತನ್ನ ಕೊನೆಯ ದಂಡಯಾತ್ರೆಯಲ್ಲಿ ಕೃಷ್ಣೆಯ ಉತ್ತರಕ್ಕಿರುವ ವಾಗಿನಗೇರಿಯನ್ನು ಮುತ್ತಿದಾಗ ಅವನನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರು ಬೇಡರ ಬಂದೂಕುಗಾರರು. ಬೇಟೆಯೇ ಕುಲವೃತ್ತಿಯಾಗಿದ್ದ ಈ ಜನರಿಗೆ ಗುರಿಯ ಅಭ್ಯಾಸವು ಕವಾಯತಿನಿಂದ ಬಂದದ್ದಲ್ಲ, ದಿನದಿನದ ಬಾಳಿನಿಂದ ಬಂದದ್ದು.

ಆ ಕಾಲದ ಬಂದೂಕನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ನಳಿಗೆಯ ಬಾಯಿಯಿಂದ ಮದ್ದನ್ನು ಸುರಿದು, ಗುಂಡನ್ನು ಇಳಿಸಿ, ಗಜದಿಂದ ಜಡಿದು, ಉರಿಯುವ ಬತ್ತಿಯನ್ನು ಕಿವಿಗೆ ಮುಟ್ಟಿಸಿ ಹಾರಿಸಬೇಕಾಗಿತ್ತು. ಜಾಮಗಿ ಎಂಬುದು ಆ ಬತ್ತಿಯ ಹೆಸರು. ಮದ್ದಿಗೆ ಬೇಕಾದವು ಮೂರೇ ಪದಾರ್ಥಗಳು: ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು. ಹಳೆಯ ಊರುಗಳ ಹಾಳುಗೋಡೆಯ ಮಣ್ಣಿನಿಂದಲೂ ದನದ ಕೊಟ್ಟಿಗೆಯ ಮಣ್ಣಿನಿಂದಲೂ ಪೆಟ್ಲುಪ್ಪನ್ನು ಬೇರ್ಪಡಿಸುವುದು ಭಾರತದಲ್ಲಿ ಹಳೆಯ ಕಸುಬು. ಇದ್ದಿಲನ್ನು ಊರಲ್ಲೇ ಸುಡಬಹುದಿತ್ತು. ಗಂಧಕವನ್ನೂ ಸೀಸವನ್ನೂ ಸಂತೆಯಲ್ಲಿ ಕೊಳ್ಳಬಹುದಿತ್ತು. ನಳಿಗೆ ಕೆಟ್ಟರೆ ಕಮ್ಮಾರನಿದ್ದನು. ಹೀಗೆ ಬಂದೂಕಿನ ಜೀವನಕ್ಕೆ ಬೇಕಾದುದೆಲ್ಲವೂ ಒಂದು ಹೋಬಳಿಯ ಪರಿಧಿಯೊಳಗೆ ದೊರೆಯುತ್ತಿತ್ತು. ಗುಂಡಿನ ಗಾತ್ರ ನಳಿಗೆಗೆ ಸರಿಯಾಗದಿದ್ದರೆ ಬಟ್ಟೆಯ ಚೂರನ್ನು ಸುತ್ತಿ ಸರಿಮಾಡಿಕೊಳ್ಳುತ್ತಿದ್ದರು. ಆದುದರಿಂದ ಇಂತಹ ಬಂದೂಕನ್ನು ನಿರರ್ಥಕಗೊಳಿಸಬೇಕಾದರೆ ಬಂದೂಕನ್ನೇ ಕಿತ್ತುಕೊಳ್ಳುವುದರ ಹೊರತು ಆಳುವವರಿಗೆ ಬೇರೆ ಉಪಾಯವಿರಲಿಲ್ಲ.

೩. ನಿಶ್ಶಸ್ತ್ರೀಕರಣ

೧೮೫೭ರಲ್ಲಿ ನಡೆದುದು ಇದೇ. ಆ ವರ್ಷದ ದಂಗೆಗೆ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ಕಾಗದದ ಕಾಡತೂಸು ಒಂದು ನೆಪವಾದುದು ಸರ್ವವಿದಿತ. ಆದರೆ ಕನ್ನಡ ನಾಡಿನಲ್ಲಿ ಕಿಡಿ ಹೊತ್ತಿದ್ದು ಹೊಸ ಕಾಡತೂಸಿನಿಂದಲ್ಲ, ಹಳೆಯ ಬಂದೂಕನ್ನು ಒಪ್ಪಿಸಿರೆಂಬ ಆಜ್ಞೆಯಿಂದ. ಈ ಭೇದವನ್ನು ನಮ್ಮ ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳಿಲ್ಲ. ಆ ವರ್ಷದ ಶಸ್ತ್ರ ಕಾಯಿದೆಯ ಮೇರೆಗೆ ಆಯುಧಗಳನ್ನು ಸರಕಾರದಲ್ಲಿ ದಾಖಲಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಊರನ್ನು ಮುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯ ಮೂಲಕ ಇಂದಿಗೂ ಉಳಿದುಬಂದಿವೆ. ಆಯುಧವನ್ನು ಕೊಡುವುದೆಂದರೆ ಅವರಿಗೆ ಕೇವಲ ಒಂದು ವಸ್ತುವನ್ನು ಕೊಡುವುದಾಗಿರಲಿಲ್ಲ. ಅದು ಜೀವನೋಪಾಯವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸುವುದಾಗಿತ್ತು.

ಹಲಗಲಿಯಲ್ಲಿ ಕಂಡ ಈ ವಿರೋಧ ಮರುವರ್ಷ ಎಡೆದೊರೆ ನಾಡಿನ ಅಂಚಿಗೂ ಒಡಲಿಗೂ ವ್ಯಾಪಿಸಿತು. ೧೮೫೩ರ ಒಡಂಬಡಿಕೆಯಿಂದ ದೋಆಬಿನ ಆಡಳಿತವು ನಿಜಾಮನಿಂದ ಇಂಗ್ಲಿಷರ ವಶಕ್ಕೆ ಬಂದಿತ್ತು. ಲಿಂಗಸುಗೂರು ಹೈದರಾಬಾದು ಕಂಟಿಂಜೆಂಟ್ ಎಂಬ ದಂಡಿನ ಛಾವಣಿಯಾಗಿತ್ತು. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ನಡೆದ ದಾಳಿಯಲ್ಲಿ ಲಿಂಗಸುಗೂರಿನ ದಂಡೂ ಪಾಲ್ಗೊಂಡಿತು. ಅದೇ ವರ್ಷ ಮುಂಡರಗಿ ಭೀಮರಾಯನು ದೋಆಬಿನ ಪಶ್ಚಿಮದ ಕೊಪ್ಪಳ ಕೋಟೆಯನ್ನು ಹಿಡಿದು ಜೂನ್ ೧ರಂದು ಅಲ್ಲಿಯೇ ಮಡಿದನು. ೧೮೬೦ರಲ್ಲಿ ದೋಆಬ್ ನಿಜಾಮನಿಗೆ ಹಿಂದಿರುಗಿತು. ಅದರೊಡನೆ ಸುರಪುರವೂ ಅವನಿಗೆ ಸೇರಿತು.

ಇದೇ ಸಮಯದಲ್ಲಿ ಕೊಡಗಿನಲ್ಲಿ ನಡೆದುದನ್ನು ಹೋಲಿಸಿ ನೋಡುವುದು ಉಚಿತ. ೧೮೬೧ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಂಬಂಧಿಸಿದ ಈ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದ್ದು, ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿತು. ಒಂದೇ ಭಾಷೆಯ ನಾಡಿನ ಎರಡು ಭಾಗಗಳಲ್ಲಿ ಬೇಟೆಯನ್ನೂ ಆಯುಧವನ್ನೂ ಸಮಾನವಾಗಿ ಪ್ರೀತಿಸಿದ ಎರಡು ಜನಾಂಗಗಳಿದ್ದವು. ಒಂದಕ್ಕೆ ಕೋವಿ ಹಕ್ಕಾಗಿ ಉಳಿಯಿತು. ಇನ್ನೊಂದಕ್ಕೆ ಅದು ಅಪರಾಧದ ಕುರುಹಾಯಿತು. ಈ ವ್ಯತ್ಯಾಸಕ್ಕೆ ಕಾರಣ ಆಯುಧದಲ್ಲಿರಲಿಲ್ಲ. ಅದು ಆಳುವವರ ವಿಶ್ವಾಸ ಮತ್ತು ಭಯಗಳಲ್ಲಿತ್ತು.

೪. ಸನ್ನೆಗೋಲಿನ ಆಗಮನ

ದಂಗೆ ಅಡಗಿದ ಬಳಿಕ ಹತ್ತು ಹದಿನೈದು ವರ್ಷಗಳಲ್ಲಿ ಬಂದೂಕಿನ ಸ್ವರೂಪವೇ ಬದಲಾಯಿತು. ೧೮೬೬ರಲ್ಲಿ ಇಂಗ್ಲಿಷರು ಎನ್‌ಫೀಲ್ಡ್ ಬಂದೂಕಿನ ಹಿಂಭಾಗವನ್ನು ಕತ್ತರಿಸಿ ಕದವೊಂದನ್ನು ಜೋಡಿಸಿ, ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಬಂದೂಕನ್ನು ಬಳಕೆಗೆ ತಂದರು. ೧೮೭೧ರಲ್ಲಿ ಮಾರ್ಟಿನಿ ಹೆನ್ರಿ ಬಂದೂಕು ಬಂದಿತು. ಕುದುರೆಯ ಹಿಂದೆ ಚಾಚಿದ ಸನ್ನೆಗೋಲನ್ನು ಕೆಳಕ್ಕೆ ಒತ್ತಿದರೆ ಒಳಗಿನ ಉಕ್ಕಿನ ಅಚ್ಚು ಇಳಿದು ಬಾಯಿ ತೆರೆಯುತ್ತಿತ್ತು. ಸುಟ್ಟ ತೋಟಾ ಹೊರಬೀಳುತ್ತಿತ್ತು. ಹೊಸದನ್ನಿಟ್ಟು ಸನ್ನೆಗೋಲನ್ನು ಮೇಲೆತ್ತಿದರೆ ಬಂದೂಕು ಸಿದ್ಧವಾಗುತ್ತಿತ್ತು. ಅದರ ತೋಟಾದಲ್ಲಿ ೮೫ ಗ್ರೇನ್ ಕಪ್ಪು ಮದ್ದೂ ೪೮೦ ಗ್ರೇನ್ ತೂಕದ ಸೀಸದ ಗುಂಡೂ ಇದ್ದವು. ನಳಿಗೆಯ ಒಳಅಳತೆ ಅಂಗುಲದ ಸಾವಿರ ಪಾಲಿನಲ್ಲಿ ೪೫೦. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಮಹತ್ತ್ವ ಬರುತ್ತದೆ.

೧೮೫೭ರ ಪಾಠವನ್ನು ಮರೆಯದ ಇಂಗ್ಲಿಷರು ಭಾರತೀಯ ಸಿಪಾಯಿಯ ಆಯುಧವು ಗೋರಾ ಸಿಪಾಯಿಯ ಆಯುಧಕ್ಕಿಂತ ಒಂದು ತಲೆಮಾರು ಹಿಂದಿರಬೇಕೆಂಬ ನೀತಿಯನ್ನು ಅನುಸರಿಸಿದರು. ಗೋರಾ ಪಲ್ಟನಿಗೆ ಮಾರ್ಟಿನಿ ಬಂದಾಗ ಇವರಿಗೆ ಸ್ನೈಡರ್. ಅವರಿಗೆ ಲೀ ಮೆಟ್‌ಫರ್ಡ್ ಬಂದಾಗ ಇವರಿಗೆ ಮಾರ್ಟಿನಿ.

ಇಷ್ಟರಲ್ಲಿ ಅಮೆರಿಕದಲ್ಲಿ ಸನ್ನೆಗೋಲು ಇನ್ನೊಂದು ದಾರಿಯನ್ನು ಹಿಡಿದಿತ್ತು. ೧೮೬೦ರ ಹೆನ್ರಿ ಬಂದೂಕಿನಲ್ಲಿಯೂ, ಅದರಿಂದ ಬೆಳೆದ ೧೮೬೬ ಮತ್ತು ೧೮೭೩ರ ವಿಂಚೆಸ್ಟರ್ ಬಂದೂಕುಗಳಲ್ಲಿಯೂ ಒಂದರ ಹಿಂದೊಂದು ಹಲವು ತೋಟಾಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ತುಂಬಿಡುವ ಏರ್ಪಾಡಿತ್ತು. ಕುದುರೆಯನ್ನು ಸುತ್ತಿದ ಬಳೆಯೇ ಇಲ್ಲಿ ಸನ್ನೆಗೋಲಿನ ಭಾಗ. ಅದನ್ನು ಒಮ್ಮೆ ಮುಂದಕ್ಕೆ ತಳ್ಳಿ ಹಿಂದಕ್ಕೆ ಸೆಳೆದರೆ ಖಾಲಿ ತೋಟಾ ಹಾರಿ ಹೊಸ ತೋಟಾ ಒಳಸೇರುತ್ತಿತ್ತು. ಮಾರ್ಟಿನಿಯ ಸನ್ನೆಗೋಲು ಬಾಯಿಯನ್ನು ತೆರೆಯುತ್ತಿತ್ತು ಅಷ್ಟೆ. ವಿಂಚೆಸ್ಟರಿನ ಸನ್ನೆಗೋಲು ತುತ್ತನ್ನೂ ತಾನೇ ಇಡುತ್ತಿತ್ತು. ಆದರೆ ಈ ಏರ್ಪಾಡಿನಲ್ಲಿ ಒಂದು ಕೊರತೆಯಿತ್ತು. ಕೊಳವೆಯಲ್ಲಿ ಒಂದು ತೋಟಾದ ಗುಂಡಿನ ಮೂತಿಯು ಮುಂದಿನ ತೋಟಾದ ತಳದ ಕೇಪಿಗೆ ಒತ್ತಿಕೊಂಡಿರುತ್ತಿತ್ತು. ಗುಂಡು ಚೂಪಾಗಿದ್ದಲ್ಲಿ ಬಂದೂಕಿನ ಹಿನ್ನೂಕಿಗೆ ಅದು ಕೇಪನ್ನು ಚುಚ್ಚಿ ಸ್ಫೋಟಿಸುವ ಅಪಾಯವಿತ್ತು. ಆದುದರಿಂದ ಗುಂಡುಗಳೆಲ್ಲ ಮೊಂಡಾಗಿರಬೇಕಾಗಿತ್ತು. ಜಾನ್ ಬ್ರೌನಿಂಗನು ರಚಿಸಿದ ೧೮೯೫ರ ಮಾದರಿಯಲ್ಲಿ ಕೊಳವೆಯನ್ನು ಬಿಟ್ಟು, ಸನ್ನೆಗೋಲಿನ ಮುಂದೆ ಒಂದು ಪೆಟ್ಟಿಗೆಯನ್ನಿಟ್ಟು ತೋಟಾಗಳನ್ನು ಒಂದರ ಮೇಲೊಂದಾಗಿ ಜೋಡಿಸಲಾಯಿತು. ಹೊಗೆಯಿಲ್ಲದ ಹೊಸ ಮದ್ದಿನ ಬಲವಾದ ತೋಟಾಗಳಿಗೆ ತಕ್ಕ ಗಟ್ಟಿತನವೂ ಅದಕ್ಕಿತ್ತು. ಈ ಮಾದರಿಗಾಗಿಯೇ ೧೯೦೪ರಲ್ಲಿ ೪೦೫ ವಿಂಚೆಸ್ಟರ್ ತೋಟಾ ಹೊರಬಂದಿತು.

ಅದರ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ತಳದಲ್ಲಿ ಅಂಚುಳ್ಳ, ಕೊರಳಿಲ್ಲದ ನೇರವಾದ ಹಿತ್ತಾಳೆಯ ಕೊಳವೆ. ಉದ್ದ ಸುಮಾರು ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ೩೦೦ ಗ್ರೇನ್, ಎಂದರೆ ಸುಮಾರು ಹತ್ತೊಂಬತ್ತೂವರೆ ಗ್ರಾಂ ತೂಕದ ಗುಂಡು. ವೇಗ ಸೆಕೆಂಡಿಗೆ ಸುಮಾರು ೨,೨೦೦ ಅಡಿ. ಮಾರ್ಟಿನಿಯ ಗುಂಡಿಗಿಂತ ಇದು ಹಗುರ, ಆದರೆ ವೇಗದಲ್ಲಿ ಅದನ್ನು ಬಹುವಾಗಿ ಮೀರಿತ್ತು. ೧೯೦೯ರಲ್ಲಿ ಆಫ್ರಿಕದ ಬೇಟೆಗೆ ಹೊರಟ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಇದನ್ನು ಕೊಂಡೊಯ್ದು ಸಿಂಹದ ಬೇಟೆಗೆ ಮೆಚ್ಚಿದ ಮೇಲೆ ಅದರ ಕೀರ್ತಿ ಲೋಕದಲ್ಲೆಲ್ಲ ಹಬ್ಬಿತು.

೫. ಅಂಕಿಗೆ ಅಂಜಿದ ಸರಕಾರ

ಭಾರತದಲ್ಲಿ ಈ ತೋಟಾ ಪ್ರವೇಶಿಸಿದ ಕಾಲದ ಕಾಯಿದೆಯ ಪರಿಸ್ಥಿತಿಯನ್ನು ಇಲ್ಲಿ ಗಮನಿಸಬೇಕು. ೧೮೭೮ರ ಶಸ್ತ್ರ ಕಾಯಿದೆಯು ಲೈಸೆನ್ಸಿನ ಪದ್ಧತಿಯನ್ನು ಬ್ರಿಟಿಷ್ ಭಾರತದಲ್ಲೆಲ್ಲ ಸ್ಥಿರಗೊಳಿಸಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯಿತ್ತು. ದೋಆಬ್ ಆಗ ನಿಜಾಮನ ರಾಜ್ಯಕ್ಕೆ ಸೇರಿದ್ದುದರಿಂದ ಆ ಕಾಯಿದೆ ಅಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೂ ಹೈದರಾಬಾದು ಸಮುದ್ರತೀರವಿಲ್ಲದ ರಾಜ್ಯ. ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. ಪರದೇಶದ ತೋಟಾ ರಾಯಚೂರಿಗೆ ಬರಬೇಕಾದರೆ ಬ್ರಿಟಿಷರ ಬಂದರನ್ನೂ ಅವರ ಸುಂಕದ ಕಟ್ಟೆಯನ್ನೂ ದಾಟಿಯೇ ಬರಬೇಕಾಗಿತ್ತು. ಗೋಡೆಯ ಮಣ್ಣಿನಿಂದ ಪೆಟ್ಲುಪ್ಪು ತೆಗೆದು ಮದ್ದು ಅರೆಯುತ್ತಿದ್ದ ಹಳ್ಳಿಗನಿಗೆ ಈ ಕಟ್ಟೆಗಳ ಹಂಗಿರಲಿಲ್ಲ. ತೋಟಾದ ಬಂದೂಕನ್ನು ಹಿಡಿದವನಿಗೆ, ಅವನು ಜಾಗೀರದಾರನೇ ಆಗಿರಲಿ, ಆ ಹಂಗು ತಪ್ಪಲಿಲ್ಲ. ಹೀಗೆ ಕಾಯಿದೆಯು ಮುಟ್ಟದ ಸ್ಥಳವನ್ನೂ ತೋಟಾ ಮುಟ್ಟಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದಕ್ಕಿಂತ ಕುತೂಹಲಕರವಾದ ನಿರ್ಬಂಧವೊಂದು ಬಂದಿತು. ಸೈನ್ಯದಿಂದ ಕಳವಾಗಿ ಗಡಿನಾಡುಗಳಲ್ಲಿ ಹರಡಿದ್ದ ಮಾರ್ಟಿನಿ ಬಂದೂಕುಗಳಿಗೆ ಬೇಟೆಯ ತೋಟಾದ ೪೫೦ ಅಳತೆಯ ಗುಂಡುಗಳು ಒದಗಬಹುದೆಂಬ ಅಂಜಿಕೆಯಿಂದ ಆ ಅಳತೆಯ ಖಾಸಗಿ ಬಂದೂಕುಗಳನ್ನೂ ತೋಟಾಗಳನ್ನೂ ಭಾರತಕ್ಕೂ ಸೂಡಾನಿಗೂ ತರದಂತೆ ೧೯೦೭ರ ಸುಮಾರಿಗೆ ನಿಷೇಧಿಸಲಾಯಿತು. ಸಾಹೇಬರ ಹುಲಿಬೇಟೆ, ಆನೆಬೇಟೆಗಳಿಗೆ ಅತ್ಯಂತ ಪ್ರಿಯವಾಗಿದ್ದ ಅಳತೆ ಅದೇ ಆಗಿತ್ತು. ಲಂಡನ್ನಿನ ಬಂದೂಕು ತಯಾರಕರು ಸುಮ್ಮನಿರಲಿಲ್ಲ. ಅವರು ೪೬೫, ೪೭೦, ೪೭೫ ಎಂಬ ಹೊಸ ಅಳತೆಗಳನ್ನು ಮುಂದಿಟ್ಟರು. ಪ್ರಾಣಿಯ ದೇಹಕ್ಕೆ ೪೫೦ಕ್ಕೂ ೪೭೦ಕ್ಕೂ ಇರುವ ಭೇದ ಅತ್ಯಲ್ಪ. ಆದರೆ ಸರಕಾರದ ಮನಃಶಾಂತಿಗೆ ಆ ಭೇದವೇ ಸರ್ವಸ್ವವಾಗಿತ್ತು. ಬೇಟೆಯ ತೋಟಾಗಳ ಅಳತೆಯನ್ನು ಬೇಟೆಯ ಅಗತ್ಯವಲ್ಲದೆ ರಾಜಕೀಯ ಭೀತಿಯೂ ನಿರ್ಧರಿಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಸೈನ್ಯದ ಯಾವ ಬಂದೂಕಿಗೂ ಹೊಂದದ ೪೦೫ ಈ ನಿಷೇಧದ ಹೊರಗುಳಿಯಿತು. ಲಂಡನ್ನಿನ ಜೋಡುನಳಿಗೆಯ ಬಂದೂಕುಗಳು ರಾಜಮಹಾರಾಜರಿಗೂ ದೊಡ್ಡ ಅಧಿಕಾರಿಗಳಿಗೂ ಎಟುಕುವಂತಹವು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುತ್ತಿದ್ದ ವಿಂಚೆಸ್ಟರ್ ಮಧ್ಯಮ ಸ್ಥಿತಿಯ ಬೇಟೆಗಾರನಿಗೂ ಎಟುಕಿತು. ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿಯೂ ಈ ತೋಟಾವನ್ನು ತಯಾರಿಸಿತು.

೬. ಕರ್ನಾಟಕದ ಕಾಡಿನಲ್ಲಿ

ಕನ್ನಡಿಗರಿಗೆ ಈ ಬಂದೂಕು ಪರಿಚಿತವಾದುದು ಕೆನೆತ್ ಆಂಡರ್ಸನ್ನರ ಮೂಲಕ. ೧೯೧೦ರಲ್ಲಿ ಹೈದರಾಬಾದಿನ ಬಳಿಯ ಬೊಲಾರಂನಲ್ಲಿ ಜನಿಸಿದ ಅವರು ಬಾಳಿದ್ದು ಬೆಂಗಳೂರಿನಲ್ಲಿ. ಬೊಲಾರಂ ಸಹ ಲಿಂಗಸುಗೂರಿನಂತೆಯೇ ಹೈದರಾಬಾದು ಕಂಟಿಂಜೆಂಟಿನ ಛಾವಣಿಯಾಗಿದ್ದುದನ್ನು ಇಲ್ಲಿ ನೆನೆಯಬಹುದು. ಅಂಚೆ ತಂತಿ ಇಲಾಖೆಯಲ್ಲಿಯೂ ತರುವಾಯ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ಉದ್ಯೋಗದಲ್ಲಿದ್ದ ಅವರು ೧೯೭೪ರಲ್ಲಿ ತೀರಿಕೊಂಡರು. ನರಭಕ್ಷಕ ಹುಲಿ ಚಿರತೆಗಳ ಬೇಟೆಯಲ್ಲಿ ಅವರ ಕೈಯಲ್ಲಿ ಬಹುಕಾಲ ಇದ್ದುದು ೧೮೯೫ರ ಮಾದರಿಯ, ೪೦೫ ಅಳತೆಯ ವಿಂಚೆಸ್ಟರ್. ೧೯೫೪ರಲ್ಲಿ ಅವರ ಮೊದಲ ಪುಸ್ತಕ ಪ್ರಕಟವಾಯಿತು. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಅವರ ಬರಹಗಳನ್ನು ಕನ್ನಡಕ್ಕೆ ತಂದ ಮೇಲೆ ಈ ಬಂದೂಕು ನಮ್ಮ ಓದುಗರ ಕಲ್ಪನೆಯಲ್ಲಿಯೂ ಸ್ಥಾನ ಪಡೆಯಿತು.

ಈ ಬರಹಗಳನ್ನು ಬೇಟೆಯ ಸಾಹಸವೆಂದಲ್ಲದೆ ಸಾಮಾಜಿಕ ಇತಿಹಾಸದ ಆಕರವೆಂದು ಓದಿದಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಪಟ್ಟಣದಿಂದ ಬಂದವನ ಕೈಯಲ್ಲಿ ಕ್ಷಣಾರ್ಧದಲ್ಲಿ ಎರಡನೆಯ ಗುಂಡನ್ನು ಹಾರಿಸಬಲ್ಲ ಸನ್ನೆಗೋಲಿನ ಬಂದೂಕು. ಹೆಜ್ಜೆಗುರುತನ್ನು ಓದಿ ದಾರಿ ತೋರಿಸುವ ಕಾಡಿನವನ ಕೈಯಲ್ಲಿ ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ನಿಮಿಷವೇ ಬೇಕಾಗುವ ಕೇಪಿನ ಕೋವಿ, ಇಲ್ಲವೆ ಬರಿಯ ಕೊಡಲಿ. ಕೀಳು ಮದ್ದಿನ ಚರೆಯಿಂದ ಗಾಯಗೊಂಡ ಹುಲಿಯು ಬೇಟೆಯಾಡಲಾರದೆ ಮನುಷ್ಯರ ಮೇಲೆ ಬೀಳುವುದು, ಅದನ್ನು ಕೊಲ್ಲಲು ಉತ್ತಮವಾದ ಬಂದೂಕುಳ್ಳವನನ್ನು ಕರೆಯುವುದು, ಇವೆರಡೂ ಒಂದೇ ಸರಪಣಿಯ ಕೊಂಡಿಗಳು. ೧೭೦೫ರಲ್ಲಿ ಬಾದಶಹನ ಸೈನ್ಯಕ್ಕೆ ಎದುರುನಿಂತ ಬೇಟೆಗಾರನು ಎರಡು ಶತಮಾನಗಳ ತರುವಾಯ ಪರರ ಬೇಟೆಗೆ ದಾರಿತೋರುಗನಾದನು. ಅವನ ಜ್ಞಾನ ಕುಂದಿರಲಿಲ್ಲ. ಆಯುಧ ಮಾತ್ರ ನಿಂತಲ್ಲೇ ನಿಂತಿತ್ತು.

೭. ಕಾರ್ಖಾನೆ, ಕಾಯಿದೆ, ಕಾಲುವೆ

ಆದರೆ ಪಟ್ಟಣದ ಬೇಟೆಗಾರನ ಮೇಲ್ಮೆಯೂ ಬಹುಕಾಲ ಬಾಳಲಿಲ್ಲ. ಅದು ಮುಗಿಯುವುದಕ್ಕೆ ಮೂರು ಕಾರಣಗಳು ಕೂಡಿಬಂದವು.

ಮೊದಲನೆಯದು ಕಾರ್ಖಾನೆ. ಎರಡನೆಯ ಮಹಾಯುದ್ಧದ ಆರಂಭದ ವೇಳೆಗೆ ೧೮೯೫ರ ಮಾದರಿಯ ತಯಾರಿಕೆ ನಿಂತುಹೋಗಿತ್ತು. ಬೇಟೆಗಾರರು ಬೋಲ್ಟಿನಿಂದ ನಡೆಯುವ ಬಂದೂಕುಗಳತ್ತ ಒಲಿದಿದ್ದರು. ಬಂದೂಕಿಲ್ಲದ ಮೇಲೆ ತೋಟಾಕ್ಕೆ ಗಿರಾಕಿಗಳು ಕಡಿಮೆ. ೧೯೫೦ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ೪೦೫ರ ತಯಾರಿ ನಿಂತಿತು. ಇಂಗ್ಲೆಂಡಿನಲ್ಲಿಯೂ ೧೯೬೦ರ ದಶಕದಲ್ಲಿ ಇಂತಹ ತೋಟಾಗಳ ಕಾಲ ಮುಗಿಯಿತು. ಜಾಮಗಿಯ ಬಂದೂಕಿಗೆ ಇಂತಹ ಮರಣವಿರಲಿಲ್ಲ. ಮದ್ದು ಮಾಡುವ ಒಬ್ಬ ಮನುಷ್ಯ ಇರುವವರೆಗೆ ಅದು ಬದುಕಿತ್ತು. ಸನ್ನೆಗೋಲಿನ ಬಂದೂಕಾದರೋ ಉಕ್ಕು ಸವೆಯದಿದ್ದರೂ ನಳಿಗೆ ಕೆಡದಿದ್ದರೂ ತೋಟಾ ಮುಗಿದ ದಿನವೇ ಮೂಕವಾಗುತ್ತದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಹಳೆಯದರ ಅಭಿಮಾನಿಗಳಿಗಾಗಿ ಬಂದೂಕೂ ತೋಟಾವೂ ಅಲ್ಪಪ್ರಮಾಣದಲ್ಲಿ ಮರಳಿ ತಯಾರಾದವು. ಭಾರತದ ಬೇಟೆಗಾರನಿಗೆ ಅದರಿಂದ ಪ್ರಯೋಜನವಾಗುವ ಕಾಲ ಆಗಲೇ ಕಳೆದುಹೋಗಿತ್ತು.

ಎರಡನೆಯದು ಕಾಯಿದೆ. ಸ್ವತಂತ್ರ ಭಾರತವು ೧೯೫೯ರ ಶಸ್ತ್ರ ಕಾಯಿದೆಯನ್ನು ೧೯೬೨ರಲ್ಲಿ ಜಾರಿಗೆ ತಂದಿತು. ಲೈಸೆನ್ಸಿನ ಪದ್ಧತಿ ಮುಂದುವರಿಯಿತು. ಸೈನ್ಯದ ತೋಟಾ ನಾಗರಿಕರ ಬಂದೂಕಿಗೆ ಒದಗಬಾರದೆಂಬ ಹಳೆಯ ಅಂಜಿಕೆಯೂ ಮುಂದುವರಿಯಿತು. ಸರಕಾರದ ಕಾರ್ಖಾನೆಯಲ್ಲಿ ನಾಗರಿಕರಿಗಾಗಿ ತಯಾರಾದ ಬೇಟೆಯ ಬಂದೂಕಿಗೆ ೩೧೫ ಎಂಬ ಅಳತೆಯಿರುವುದು ಇದೇ ತರ್ಕದ ಫಲ. ಸೈನ್ಯದ ೩೦೩ ತೋಟಾಕ್ಕೆ ಅದು ಹೊಂದುವುದಿಲ್ಲ. ಕೊನೆಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿ, ಚಿರತೆ, ಕೃಷ್ಣಮೃಗಗಳ ಬೇಟೆಯನ್ನೇ ನಿಷೇಧಿಸಿತು. ಹಿಂದಿನ ಕಾಯಿದೆಗಳು ಬಂದೂಕು ಯಾರ ಕೈಯಲ್ಲಿರಬೇಕೆಂದು ಕೇಳಿದ್ದವು. ಗುಂಡು ಯಾರ ಮೇಲೆ ಬೀಳಬಾರದೆಂಬ ಪ್ರಶ್ನೆಯನ್ನು ದೇಶದುದ್ದಕ್ಕೂ ಕೇಳಿದುದು ಈ ಕಾಯಿದೆ.

ಮೂರನೆಯ ಕಾರಣಕ್ಕೆ ನಾವು ಮತ್ತೆ ಎಡೆದೊರೆ ನಾಡಿಗೆ ಬರಬೇಕು. ಅದು ಕಾಲುವೆ. ೧೯೪೫ರಲ್ಲಿ ಆರಂಭವಾದ ತುಂಗಭದ್ರಾ ಯೋಜನೆಯಿಂದ ೧೯೫೩ರ ತರುವಾಯ ಎಡದಂಡೆಯ ಕಾಲುವೆಯ ಮೂಲಕ ಸಿಂಧನೂರಿನ ಬಯಲಿಗೆ ನೀರು ಹರಿಯತೊಡಗಿತು. ಜೋಳ, ಹತ್ತಿಗಳ ಎರೆಭೂಮಿ ಕ್ರಮೇಣ ಬತ್ತದ ಗದ್ದೆಯಾಯಿತು. ದಕ್ಖಣದ ಎರೆಯ ಬಯಲೂ ಹುಲ್ಲುಗಾವಲೂ ಚಿಗರಿಗೂ ತೋಳಕ್ಕೂ ಎರೆಭೂತವೆಂಬ ದೊಡ್ಡ ನೆಲಹಕ್ಕಿಗೂ ಸಹಜವಾದ ನೆಲೆ. ತುಂಗಭದ್ರೆಯ ಆಚೆಯ ಸಿರುಗುಪ್ಪದ ಸುತ್ತ ಎರೆಭೂತವು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿರುವುದು ಹಿಂದಿನ ಬಯಲಿನ ಕೊನೆಯ ಕುರುಹು. ನೀರು ಬಂದುದರಿಂದ ಬರಗಾಲದ ನಾಡು ಅನ್ನದ ನಾಡಾಯಿತೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಬಂದೂಕು ಕೊಂದುದಕ್ಕಿಂತ ಹೆಚ್ಚಿನದನ್ನು ನೇಗಿಲು ನೆಲೆಗೆಡಿಸಬಲ್ಲದೆಂಬ ಸತ್ಯವನ್ನೂ ಇತಿಹಾಸಕಾರನು ದಾಖಲಿಸಬೇಕು. ತೋಟಾವನ್ನು ನಿಲ್ಲಿಸಲು ಒಂದು ಆಜ್ಞೆ ಸಾಕು. ಒಮ್ಮೆ ಗದ್ದೆಯಾದ ಹುಲ್ಲುಗಾವಲನ್ನು ಹಿಂದಿರುಗಿಸಲು ಯಾವ ಆಜ್ಞೆಯೂ ಸಾಲದು.

೮. ಉಪಸಂಹಾರ

ಮೇಲೆ ವಿವರಿಸಿದ ಸಂಗತಿಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಬಂದೂಕಿನ ಚರಿತ್ರೆಯನ್ನು ಬಂದೂಕಿನಿಂದ ಮಾತ್ರ ಬರೆಯಲಾಗದು. ಅದರ ಆಹಾರ ಎಲ್ಲಿಂದ ಬರುತ್ತಿತ್ತೆಂಬುದನ್ನು ಅರಿತಾಗಲೇ ಅದು ಯಾರ ಅಧೀನದಲ್ಲಿತ್ತೆಂಬುದು ತಿಳಿಯುತ್ತದೆ. ಎರಡನೆಯದಾಗಿ, ೧೮೫೭–೫೮ರ ನಿಶ್ಶಸ್ತ್ರೀಕರಣವನ್ನು ದಂಗೆಗೆ ಕಾರಣವಾದ ಒಂದು ಆಜ್ಞೆಯೆಂದು ಮಾತ್ರ ನೋಡುವುದು ಸಾಲದು. ಆಗ ಬಲಾತ್ಕಾರದಿಂದ ಆರಂಭವಾದ ಕಾರ್ಯವನ್ನು ಮುಂದೆ ತೋಟಾದ ಬಂದೂಕು ಸದ್ದಿಲ್ಲದೆ ಮುಂದುವರಿಸಿತು. ಮೂರನೆಯದಾಗಿ, ೪೫೦ರ ನಿಷೇಧ, ೪೦೫ರ ಪ್ರಸಾರ, ೩೧೫ರ ಹುಟ್ಟು ಇವು ಬಿಡಿಬಿಡಿಯಾದ ತಾಂತ್ರಿಕ ಘಟನೆಗಳಲ್ಲ. ಇವೆಲ್ಲವುಗಳ ಹಿಂದೆ ಪ್ರಜೆಯ ಕೈಯಲ್ಲಿರುವ ಆಯುಧವನ್ನು ಕುರಿತ ಒಂದೇ ಎಚ್ಚರಿಕೆಯಿದೆ.

ಇನ್ನೊಂದು ಮಾತನ್ನು ಹೇಳಿ ಲೇಖನವನ್ನು ಮುಗಿಸಬಹುದು. ೧೯೧೫ರಲ್ಲಿ ಗಣಿಯ ಇಂಜಿನಿಯರ್ ಬೀಡನ್ನನು ಮಸ್ಕಿಯಲ್ಲಿ ಬೆಳಕಿಗೆ ತಂದ ಶಾಸನದಿಂದ ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಆ ಅಶೋಕನೇ ತನ್ನ ಎಂಟನೆಯ ಬಂಡೆಗಲ್ಲಿನ ಶಾಸನದಲ್ಲಿ, ಹಿಂದಿನ ಅರಸರ ಬೇಟೆಯ ವಿಹಾರಯಾತ್ರೆಯನ್ನು ಬಿಟ್ಟು ತಾನು ಧರ್ಮಯಾತ್ರೆಯನ್ನು ಕೈಕೊಂಡುದಾಗಿ ಸಾರಿದ್ದಾನೆ. ಅಲ್ಲಿ ಅರಸನು ಮೊದಲು ತನ್ನ ಬೇಟೆಯನ್ನು ತಾನೇ ಬಿಟ್ಟನು. ಹತ್ತೊಂಬತ್ತನೆಯ ಶತಮಾನದ ಆಳರಸರು ತಮ್ಮ ಬೇಟೆಯನ್ನು ಉಳಿಸಿಕೊಂಡು ಪ್ರಜೆಯ ಬೇಟೆಯನ್ನು ಬಿಡಿಸಿದರು. ಬೇಟೆಯ ನಿಷೇಧವು ನ್ಯಾಯವೋ ಅನ್ಯಾಯವೋ ಎಂಬುದನ್ನು ನಿರ್ಣಯಿಸಲು ನಿಷೇಧದ ಮಾತೊಂದೇ ಸಾಲದು. ಅದರ ಭಾರವನ್ನು ಮೊದಲು ಹೊತ್ತವರಾರು ಎಂಬುದನ್ನೂ ಕೇಳಬೇಕು. ಬೇಟೆಯನ್ನೇ ನಂಬಿ ಬಾಳಿದ ಜನರ ದೃಷ್ಟಿಯಿಂದ ಈ ನಾಡಿನ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯು ಮಾರ್ಗದರ್ಶಕವಾದೀತೆಂದು ನಂಬಬಹುದು.